ನೀರು ಅಲ್ಲಾಹನ ಅಮಾನತು



ಅಲ್ಲಾಹನು ಪ್ರತಿಯೊಂದು ಜೀವಿಗೂ ನೀರನ್ನೇ ಮೂಲವಾಗಿಸಿದನೆಂದು ಪವಿತ್ರ ಕುರ್‌ಆನ್ (21:30) ತಿಳಿಸುತ್ತದೆ. ನೀರಿನ ತಾಣಗಳಲ್ಲಿ ಹೊಲಸು ಮಾಡುವುದು ಶಾಪಕ್ಕೆ ಗುರಿಮಾಡುವ ಕೃತ್ಯವೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಹಾಗಿರುವಾಗ ಅದೇ ನೀರಿಗೆ ವಿಷ ಸೇರಿಸಿದರೆ?

ವುಝೂವಿನ ನೀರನ್ನು ಬಣ್ಣ, ರುಚಿ, ವಾಸನೆಗಳಿಂದ ಪರೀಕ್ಷಿಸಲು ನಾವು ಮದ್ರಸದಲ್ಲಿ ಕಲಿತಿದ್ದೇವೆ. ಆದರೆ ಕೀಟನಾಶಕವು ಈ ಮೂರು ಪರೀಕ್ಷೆಗಳಿಗೂ ಸಿಕ್ಕದೆ ನೀರಿನಲ್ಲಿರಬಲ್ಲದು. ಕುದಿಸಿದರೆ ರೋಗಾಣು ಸಾಯುತ್ತದೆ. ಈ ವಿಷ ಹೋಗುತ್ತದೆಂದು ನಂಬುವಂತಿಲ್ಲ. ಕುಡಿಯುವವನಿಗೆ ಅದು ತಿಳಿಯದು. ಬಲ್ಲವನು ಹೊಲದಲ್ಲಿ ಸಿಂಪಡಿಸಿದವನು ಮಾತ್ರ. ಆದ್ದರಿಂದ ಪರಲೋಕದಲ್ಲಿ ಉತ್ತರ ಹೇಳಬೇಕಾದವನೂ ಅವನೇ.

ಇದು ಬರಿಯ ಹೆದರಿಕೆಯ ಮಾತಲ್ಲ. ಕಾಸರಗೋಡು ಜಿಲ್ಲೆಯ ಪಡ್ರೆ ಗ್ರಾಮವನ್ನು ನೋಡಿರಿ. ಅಲ್ಲಿನ ಸರಕಾರಿ ನಿಗಮದ ಗೇರುತೋಟಗಳಿಗೆ 2000ದವರೆಗೆ ಎರಡು ದಶಕಗಳ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗುಡ್ಡದ ಕೆಳಗಿನವರು ತೋಡು, ಸುರಂಗಗಳ ನೀರನ್ನು ಕುಡಿಯುವವರು. ನೀರಿನಲ್ಲಿ ಮಾತ್ರವಲ್ಲ, ಜನರ ರಕ್ತದಲ್ಲೂ ಆ ವಿಷವಿದೆಯೆಂದು ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 2001ರಲ್ಲಿ ವರದಿ ಮಾಡಿತು. ಸುಪ್ರೀಂ ಕೋರ್ಟು 2011ರಲ್ಲಿ ಅದನ್ನು ದೇಶದಾದ್ಯಂತ ತಡೆಯಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂ. ಕೊಡುವಂತೆ 2017ರಲ್ಲಿ ಕೇರಳಕ್ಕೆ ಆದೇಶಿಸಿತು. ಹಣ ಬಂದೀತು, ಮಗುವಿನ ಆರೋಗ್ಯ ಮರಳೀತೇ?

ಬ್ರಹ್ಮಗಿರಿಯ ಸುತ್ತಲಿನ ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಹೆಲಿಕಾಪ್ಟರ್ ಇಲ್ಲ, ಬೆನ್ನಿಗೆ ಕಟ್ಟುವ ಪಂಪುಗಳಿವೆ. ಇಲ್ಲಿ ಮಳೆ ಕಡಿಮೆ, ಕೊಳವೆಬಾವಿಯೇ ಆಧಾರ. ಕೆರೆಗೆ ಬರುವ ಅಷ್ಟಿಷ್ಟು ನೀರು ಹೊಲಗಳನ್ನು ತೊಳೆದುಕೊಂಡೇ ಬರುತ್ತದೆ. ವಿಷವನ್ನು ತೆಳುವಾಗಿಸುವಷ್ಟು ನೀರೂ ನಮ್ಮಲ್ಲಿಲ್ಲ.

ಸಾಲ ಮಾಡಿ ಶೇಂಗಾ ಬಿತ್ತಿದವನಿಗೆ, ಹುಳು ಬಿದ್ದಾಗ ಔಷಧಿ ಹೊಡೆಯಬೇಡ ಎನ್ನುವುದು ಸುಲಭವಲ್ಲ. ಬೆಳೆ ಕಾಯುವುದನ್ನು ಧರ್ಮ ತಡೆಯುವುದೂ ಇಲ್ಲ. ಆದರೆ ತನ್ನ ಲಾಭಕ್ಕಾಗಿ ಇನ್ನೊಬ್ಬನಿಗೆ ಹಾನಿ ಮಾಡುವ ಹಕ್ಕು ಯಾರಿಗೂ ಇಲ್ಲವೆಂಬುದು ಪ್ರವಾದಿ(ಸ)ಯವರು ಕಲಿಸಿದ ನಿಯಮ.

ಆದ್ದರಿಂದ ಡಬ್ಬಿ ತೆರೆಯುವ ಮೊದಲು ಅಪಾಯವನ್ನು ಅಂದಾಜು ಮಾಡಿರಿ. ಬಾವಿ, ಹಳ್ಳ ಎಷ್ಟು ಹತ್ತಿರ? ಹೊಲದ ಇಳಿಜಾರು ಯಾವ ಕಡೆಗೆ? ಮಳೆ ಬರುವಂತಿದೆಯೇ? ಬರೆದಿರುವ ಪ್ರಮಾಣವೆಷ್ಟು, ನೀವು ಬೆರೆಸುವುದೆಷ್ಟು? ಡಬ್ಬಿಯ ಮೇಲಿನ ತ್ರಿಕೋನ ಕೆಂಪಾಗಿದ್ದರೆ ವಿಷ ಅತಿ ಉಗ್ರ. ಅನಂತರ ಹಳದಿ, ನೀಲಿ, ಹಸಿರು. ಹಸಿರೆಂದರೆ ನೀರಿಗೆ ಸೇರಿಸಬಹುದೆಂಬ ಅನುಮತಿಯಲ್ಲ. ಪಂಪನ್ನು ಕೆರೆಯಲ್ಲಿ ತೊಳೆಯಬೇಡಿರಿ. ತೊಳೆದ ನೀರನ್ನು ಅದೇ ಬೆಳೆಗೆ ಸಿಂಪಡಿಸಿರಿ. ಸಹೋದರಿಯರೇ, ಖಾಲಿ ಡಬ್ಬಿ ಎಷ್ಟೇ ಗಟ್ಟಿಯಾಗಿದ್ದರೂ ಅದರಲ್ಲಿ ನೀರು, ಎಣ್ಣೆ ತುಂಬಿಡಬೇಡಿರಿ.

ನಮ್ಮ ಹೊಲದಿಂದ ಹರಿದ ನೀರನ್ನು ಕುಡಿಯುವವನು ಮುಸ್ಲಿಮನಾಗಿರಲಿ, ಹಿಂದೂವಾಗಿರಲಿ, ಮಾತು ಬಾರದ ಕುರಿಯಾಗಿರಲಿ, ಎಲ್ಲರಿಗೂ ನಮ್ಮ ಮೇಲೆ ಹಕ್ಕಿದೆ. ಯಾರೂ ನೋಡದ ಹಳ್ಳದ ದಂಡೆಯಲ್ಲೂ ಅಲ್ಲಾಹನು ನೋಡುತ್ತಿದ್ದಾನೆ. ಈ ಅಮಾನತನ್ನು ಕಾಯುವ ಭಾಗ್ಯವನ್ನು ಅವನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.