ಏನೂ ಆಗದ ತಿಂಗಳ ದುಡ್ಡು

ನಮ್ಮ ದೊಡ್ಡಬಳ್ಳಾಪುರದಲ್ಲಿ ಕೂಲಿ ನೇಯುವವರ ಲೆಕ್ಕ ಸರಳವಾದದ್ದು. ಸೀರೆಗೆ ಇಷ್ಟು ಎಂದು ಕೂಲಿ. ಕರೆಂಟು ಹೋಗಿ ಮಗ್ಗ ನಿಂತರೆ ಕೂಲಿಯೂ ನಿಂತಿತು. ಮಗ್ಗದ ಸದ್ದಿನಲ್ಲಿ ಹುಟ್ಟಿ ಬೆಳೆದವರಿಗೆ, ಕೈಯಲ್ಲಿ ಹಿಡಿದು ತೋರಿಸುವ ಸರಕಿಲ್ಲದೆ ದುಡ್ಡು ಕೇಳಲು ನಾಲಿಗೆ ಏಳುವುದಿಲ್ಲ.

ನನ್ನ ತಂಗಿಯ ಮಗಳಿಗೆ ಆಗಿರುವುದು ಇದೇ. ಮನೆಯಲ್ಲೇ ಕೂತು ಐದಾರು ಜನರ ವೆಬ್‌ಸೈಟುಗಳನ್ನು ನೋಡಿಕೊಳ್ಳುತ್ತಾಳೆ: ಒಂದು ಸೀರೆ ಅಂಗಡಿಯದು, ಒಂದು ಶಾಲೆಯದು, ಒಂದು ಕಲ್ಯಾಣ ಮಂಟಪದ್ದು, ಹೀಗೆ. ಕಟ್ಟಿಕೊಟ್ಟದ್ದಕ್ಕೆ ಎಲ್ಲರೂ ದುಡ್ಡು ಕೊಟ್ಟರು. ರಗಳೆ ಶುರುವಾದದ್ದು ಆಮೇಲೆ. "ಹೋದ ತಿಂಗಳು ಏನೂ ಕೆಟ್ಟೇ ಇಲ್ವಲ್ಲಮ್ಮ, ದುಡ್ಡು ಯಾತಕ್ಕೆ?" ಎಂದು ಅಂಗಡಿಯವರು ಕೇಳಿದರಂತೆ. "ಅವರು ಕೇಳೋದೂ ನ್ಯಾಯ ಅನ್ಸುತ್ತೆ ದೊಡ್ಡಮ್ಮ" ಎಂದು ಇವಳೂ ಹೇಳಿದಳು.

ಅವಳು ಮಾಡುವುದೇನು ಎಂದು ಕೇಳಿ ತಿಳಿದುಕೊಂಡೆ. ಸೈಟಿನ ಹೆಸರಿನ ನೋಂದಣಿಯನ್ನು ಅವಧಿ ಮುಗಿಯುವ ಮೊದಲೇ ನವೀಕರಿಸಬೇಕು. ಮರೆತರೆ ಆ ಹೆಸರು ಬೇರೆಯವರ ಪಾಲಾದೀತು. ಒಳಗಿನ ತಂತ್ರಾಂಶಕ್ಕೆ ಹೊಸ ತೇಪೆ ಬಂದಾಗಲೆಲ್ಲ ಹಾಕಬೇಕು, ಹಾಕಿದ ಮೇಲೆ ಎಲ್ಲಿ ಏನು ಕೆಟ್ಟಿತೆಂದು ನೋಡಬೇಕು. ಎಲ್ಲದರ ನಕಲನ್ನು ಬೇರೊಂದು ಕಡೆ ತೆಗೆದಿಡಬೇಕು, ಆ ನಕಲಿನಿಂದ ಸೈಟನ್ನು ಮತ್ತೆ ಎಬ್ಬಿಸಲು ಆಗುತ್ತದೆಯೇ ಎಂದೂ ಆಗಾಗ ಪರೀಕ್ಷಿಸಬೇಕು. ಇಷ್ಟನ್ನೂ ಚೆನ್ನಾಗಿ ಮಾಡಿದರೆ ಹೊರಗಿನವರಿಗೆ ಏನೂ ಕಾಣುವುದಿಲ್ಲ. ಇದನ್ನು ನಿಮಗೆ ಬಿಡಿಸಿ ಹೇಳಬೇಕೆ? ಒರೆಸಿದ ನೆಲವನ್ನು ಯಾರು ನೋಡುತ್ತಾರೆ! ಒಂದು ದಿನ ಒರೆಸದಿದ್ದರೆ ಮಾತ್ರ ಬಂದ ನೆಂಟರಿಗೂ ಕಾಣುತ್ತದೆ.

ನಮ್ಮ ಸೀಮೆಯಲ್ಲಿ ಇಂಥ ಕೆಲಸಕ್ಕೆ ಕೊಡುವ ಹಳೆಯ ದಾರಿಯೊಂದಿತ್ತು. ಹೊಸಕೋಟೆಯ ದೊಡ್ಡ ಅಮಾನಿಕೆರೆಯಂಥ ಕೆರೆಗಳ ನಾಡು ಇದು. ಕೆರೆಯ ತೂಬು ತೆಗೆದು ಮುಚ್ಚಿ, ಗದ್ದೆಗಳಿಗೆ ನೀರು ಹಂಚಿ, ಏರಿಯ ಮೇಲೆ ಕಣ್ಣಿಟ್ಟಿರುತ್ತಿದ್ದವನು ನೀರುಗಂಟಿ. ಅವನಿಗೂ, ಕಮ್ಮಾರ ಬಡಗಿಗಳಿಗೂ ಸುಗ್ಗಿಯಲ್ಲಿ ಕಣದಲ್ಲೇ ಧಾನ್ಯ ಅಳೆದು ಕೊಡುತ್ತಿದ್ದರು. ಅದು ಆಯ. ಈ ವರ್ಷ ಏರಿ ಒಡೆಯಲಿಲ್ಲ, ಆದ್ದರಿಂದ ನೀರುಗಂಟಿಗೆ ಕಾಳಿಲ್ಲ ಎಂಬ ಲೆಕ್ಕ ಅಲ್ಲಿಲ್ಲ. ಒಡೆಯದೆ ಉಳಿದದ್ದಕ್ಕೇ ಆ ಕಾಳು. ಆ ಪದ್ಧತಿಯನ್ನು ಹೊಗಳಲು ನಾನು ಹೊರಟಿಲ್ಲ. ಜಾತಿಗೆ ಕಟ್ಟಿದ ಕೆಲಸ, ಅಳೆಯುವ ಸೇರು ಕೊಡುವವರ ಕೈಯಲ್ಲಿ; ಇಷ್ಟು ಬೇಕೆಂದು ಕೇಳುವ ಬಾಯಿ ಆಯಗಾರನಿಗೆಲ್ಲಿತ್ತು? ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾಯಿದೆ ರದ್ದು ಮಾಡಿತು, ಒಳ್ಳೆಯದೇ ಆಯಿತು. ಆದರೆ ಕಾಯುವುದೂ ಒಂದು ಕೆಲಸ ಎಂಬ ತಿಳಿವಳಿಕೆಯನ್ನೂ ನಾವು ಅದರ ಜೊತೆಗೇ ಬಿಸಾಡಿದೆವೇನೋ.

ಹುಡುಗಿ ಸುಮ್ಮನಾಗಲಿಲ್ಲ. ಆಯ್ದಕ್ಕಿ ಲಕ್ಕಮ್ಮನನ್ನು ಎಳೆದು ತಂದಳು. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇದು ನಮಗೆ ಬೇಡವೆಂದು ಹಿಂದಕ್ಕೆ ಕಳಿಸಿದವಳು ಆ ಶರಣೆ. ನಿಜ. ಆದರೆ ಲಕ್ಕಮ್ಮ ಹಿಂದಿರುಗಿಸಿದ್ದು ಹೆಚ್ಚಿನದನ್ನು. ದಿನದ ಅಕ್ಕಿಯನ್ನೇ ಬೇಡವೆಂದದ್ದು ಕಥೆಯಲ್ಲಿಲ್ಲ. ಕಾಯಕ ನಡೆದಿದೆಯೋ ಇಲ್ಲವೋ ಎಂಬುದೇ ಪ್ರಶ್ನೆ. ನನಗೆ ಭಯ ಹುಟ್ಟಿಸುವುದೂ ಅದೇ. ಏರಿಯ ಮೇಲೆ ಓಡಾಡುವ ನೀರುಗಂಟಿಯನ್ನು ಊರೇ ನೋಡುತ್ತಿತ್ತು. ಇವಳ ಕೆಲಸವನ್ನು ನೋಡುವವರಿಲ್ಲ. ಮೂರು ತಿಂಗಳು ಏನೂ ಮಾಡದೆ ದುಡ್ಡು ತೆಗೆದುಕೊಂಡರೂ ಯಾರಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ಪ್ರತಿ ತಿಂಗಳೂ ಯಾವ ದಿನ ಏನು ಮಾಡಿದೆ ಎಂದು ನಾಲ್ಕು ಸಾಲು ಕನ್ನಡದಲ್ಲಿ ಬರೆದು ಕಳಿಸು ಎಂದೆ. ಏನೂ ಮಾಡದ ತಿಂಗಳಿದ್ದರೆ ಆ ತಿಂಗಳ ಬಿಲ್ಲು ಬೇಡ.

ಇನ್ನು ದರ. ತಿಂಗಳಿಗೆ 20,000 ರೂಪಾಯಿ ಬೇಕು, ಮನೆಗೆಲಸ ಕಳೆದು 80 ಗಂಟೆ ಸಿಗುತ್ತದೆ ಎಂದಿಟ್ಟುಕೊಳ್ಳಿ. ಗಂಟೆಗೆ 250 ಎಂದು ಹೇಳಿಬಿಟ್ಟರೆ ಕೆಟ್ಟಿತು. ಫೋನಿನಲ್ಲಿ ಮಾತಾಡಲು, ಹೊಸದು ಕಲಿಯಲು, ಬಾಕಿ ವಸೂಲಿಗೆ 30 ಗಂಟೆ ಹೋದರೆ ಬಿಲ್ಲು ಹಾಕಬಹುದಾದದ್ದು 50 ಗಂಟೆ ಮಾತ್ರ. ಆಗ ಗಂಟೆಗೆ 400. ಒಂದು ಸೈಟಿಗೆ ತಿಂಗಳಿಗೆ 3 ಗಂಟೆಯಾದರೆ 1,200. ಹೊಸ ಪುಟ ಸೇರಿಸಬೇಕೆಂದರೆ ಅದರ ಕೂಲಿ ಬೇರೆ. ಸೈಟಿನ ಹೆಸರು ಮಾತ್ರ ಮಾಲೀಕರ ಹೆಸರಿನಲ್ಲೇ ಇರಬೇಕು, ಶುಲ್ಕವೂ ಅವರದೇ. ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡು ಸಂಬಳ ಕೇಳಬಾರದು.

"ಗಂಡ ದುಡೀತಾರಲ್ಲ, ಸ್ವಲ್ಪ ಕಮ್ಮಿ ಮಾಡ್ಕೊಳಮ್ಮ" ಎಂದವರೂ ಇದ್ದಾರೆ. ಅವರ ಅಂಗಡಿಯಲ್ಲಿ ಸೀರೆ ಕೊಳ್ಳುವಾಗ ಗಂಡನ ಸಂಬಳ ತೋರಿಸಿದರೆ ದರ ಇಳಿಸುತ್ತಾರೆಯೇ?

ತಾನೇ ನೇಯ್ದು ತಾನೇ ಮಾರುವ ಒಬ್ಬ ಹೆಂಗಸಿಗೆ ಮಾತ್ರ ಅರ್ಧಕ್ಕೆ ಮಾಡಿಕೊಡುತ್ತೇನೆ ಎಂದಳು. ಮಾಡಲಿ. ಬಿಲ್ಲಿನಲ್ಲಿ ಮೊದಲು 1,200 ಎಂದೇ ಬರೆದು, ಕೆಳಗೆ 600 ರಿಯಾಯಿತಿ ಎಂದು ಕಳೆಯಲು ಹೇಳಿದ್ದೇನೆ.