ಬೆಟ್ಟದ ಮಗುವಿಗೆ ಎಂಥ ಶಾಲೆ?

ಸಿತ್ತೇರಿ ಬೆಟ್ಟದ ಮಗುವಿಗೆ ಬೆಂಗಳೂರಿನ ಜಯನಗರದ ಮಗುವಿಗಿಂತ ಒಳ್ಳೆಯ ಶಾಲೆ ಬೇಕು. ಸಮನಾದದ್ದು ಸಿಕ್ಕರೆ ಸಾಲದೇ ಎಂದು ಯಾರಾದರೂ ಕೇಳಿದರೆ, ಸಾಲದು ಎಂದೇ ನನ್ನ ಉತ್ತರ.

ಸಿತ್ತೇರಿ ಇರುವುದು ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಪಾಪಿರೆಡ್ಡಿಪಟ್ಟಿ ತಾಲ್ಲೂಕಿನಲ್ಲಿ. ಒಂದು ಕಡೆ ಏರ್ಕಾಡಿನ ಶೇರ್ವರಾಯನ್ ಬೆಟ್ಟಗಳು, ಅವುಗಳ ಬುಡದಲ್ಲಿ ವಾಣಿಯಾರ್ ಅಣೆಕಟ್ಟು, ಇನ್ನೊಂದು ಕಡೆ ಸಿತ್ತೇರಿ ಸಾಲು; ನಡುವೆ ಮರಗೆಣಸು, ಅರಿಸಿನ, ಕಬ್ಬು ಬೆಳೆಯುವ ಬಯಲು. ಬೆಟ್ಟದ ಮೇಲಿನ ಹಳ್ಳಿಗಳಲ್ಲಿ ಇರುವವರು ಮಲೆಯಾಳಿಗಳು. ಇವರು ಕೇರಳದವರಲ್ಲ, ತಮಿಳಾಡುವ ಪರಿಶಿಷ್ಟ ಪಂಗಡದವರು. ಧರ್ಮಪುರಿ ಒಂದು ಕಾಲಕ್ಕೆ ನೊಳಂಬರು ಆಳಿದ ಸೀಮೆ, ಅಲ್ಲಿ ಕನ್ನಡ ಶಾಸನಗಳಿವೆ, ಇಂದಿಗೂ ಮನೆಯಲ್ಲಿ ಕನ್ನಡವಾಡುವ ಜನರಿದ್ದಾರೆ. 2011ರ ಜನಗಣತಿಯಲ್ಲಿ ತಮಿಳುನಾಡಿನ ಸಾಕ್ಷರತೆ ಶೇ. 80ರಷ್ಟಿದ್ದಾಗ ಈ ಜಿಲ್ಲೆಯದು ಶೇ. 68ರ ಆಸುಪಾಸಿನಲ್ಲಿತ್ತು. ರಾಜ್ಯಕ್ಕೇ ಕಡೆಯ ಸ್ಥಾನ.

ಜಯನಗರದ ಶಾಲೆಯಲ್ಲಿ ಭಿನ್ನರಾಶಿ ಅರ್ಥವಾಗಲಿಲ್ಲ ಎನ್ನೋಣ. ಸಂಜೆ ಅಪ್ಪ ಹೇಳಿಕೊಡುತ್ತಾನೆ, ಇಲ್ಲವೇ ಅಮ್ಮ ಟ್ಯೂಷನ್ನಿಗೆ ಸೇರಿಸುತ್ತಾಳೆ. ಶಾಲೆ ಮಾಡಿದ ತಪ್ಪನ್ನು ಮನೆ ತಿದ್ದುತ್ತದೆ, ತಿದ್ದಿದ್ದು ಯಾರಿಗೂ ಕಾಣುವುದೂ ಇಲ್ಲ. ಫಲಿತಾಂಶ ಬಂದಾಗ ಶಾಲೆಗೇ ಹೊಗಳಿಕೆ. ಓದಿದವರು ಯಾರೂ ಇಲ್ಲದ ಮನೆಯ ಮಗುವಿಗೆ ಆ ಎರಡನೆಯ ಅವಕಾಶವಿಲ್ಲ. ಮೂರನೆಯ ತರಗತಿಯಲ್ಲಿ ತಪ್ಪಿದ ಲೆಕ್ಕ ಏಳನೆಯ ತರಗತಿಯಲ್ಲಿ ಇಡೀ ಗಣಿತವನ್ನೇ ಮುಚ್ಚಿಬಿಡುತ್ತದೆ, ಆಗ ಎಲ್ಲರೂ ಸೇರಿ ಆ ಮಗುವನ್ನು ದಡ್ಡ ಎನ್ನುತ್ತಾರೆ. ಹಾಗಾಗಿ ಮನೆಯ ಆಸರೆ ಎಲ್ಲಿ ಕಡಿಮೆಯೋ ಅಲ್ಲಿಗೇ ಅತ್ಯುತ್ತಮ ಮೇಷ್ಟರು ಹೋಗಬೇಕು. ನಾವು ನಡೆಸಿಕೊಂಡು ಬಂದಿರುವುದು ಇದರ ತಿರುವುಮುರುವು. ತಮಿಳುನಾಡಿರಲಿ ಕರ್ನಾಟಕವಿರಲಿ, ಬೆಟ್ಟದ ಊರಿಗೆ ವರ್ಗವಾಯಿತೆಂದರೆ ಶಿಕ್ಷೆಯಾಯಿತು ಎಂದೇ ಅರ್ಥ.

ಇದಕ್ಕೆ ಹಳೆಯ ಆಕ್ಷೇಪವೊಂದಿದೆ: ಎಲ್ಲರೂ ಓದಿದರೆ ಹೊಲ ಉಳುವವರು ಯಾರು? ಸಭ್ಯ ಮಾತಿನಲ್ಲಿ ಅದು, ಬದುಕಿಗೆ ತಕ್ಕ ಓದು ಎಂಬ ರೂಪ ತಾಳುತ್ತದೆ. ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ ಹುಟ್ಟಿ, ಸೇಲಂನಲ್ಲಿ ವಕೀಲಿ ಮಾಡಿದ ರಾಜಾಜಿ ಮದ್ರಾಸಿನ ಮುಖ್ಯಮಂತ್ರಿಯಾಗಿದ್ದಾಗ, 1953ರಲ್ಲಿ, ಹಳ್ಳಿಯ ಮಕ್ಕಳಿಗೆ ದಿನಕ್ಕೆ ಮೂರು ಗಂಟೆ ಶಾಲೆ, ಉಳಿದ ಹೊತ್ತು ಮನೆತನದ ಕಸುಬು ಎಂಬ ಯೋಜನೆ ತಂದರು. ಪೆರಿಯಾರ್ ಮೊದಲಾದವರು ಅದನ್ನು ಕುಲಕಸುಬಿನ ಶಿಕ್ಷಣವೆಂದು ಕರೆದು ಎದುರಿಸಿದರು. 1954ರಲ್ಲಿ ಕಾಮರಾಜ್ ಅಧಿಕಾರಕ್ಕೆ ಬಂದು ಕೈಬಿಟ್ಟರು. ರಾಜಾಜಿಯವರ ಉದ್ದೇಶವನ್ನು ನಾನು ಹೀನಾಯ ಮಾಡಲಾರೆ. ಶಾಲೆ ಸಾಲದ ಕಾಲದಲ್ಲಿ ಎರಡು ಪಾಳಿ ನಡೆಸಿದರೆ ಇಮ್ಮಡಿ ಮಕ್ಕಳಿಗೆ ಜಾಗ ಸಿಗುತ್ತದೆ, ಕೈಕೆಲಸಕ್ಕೂ ಮರ್ಯಾದೆ ಸಿಗುತ್ತದೆ ಎಂಬುದು ಅವರ ಲೆಕ್ಕ. ಆದರೆ ಅಪ್ಪನ ಕಸುಬು ಮಗು ಆರಿಸಿಕೊಂಡದ್ದಲ್ಲ. ಎಂಟು ವರ್ಷದ ಹುಡುಗಿ ಮುಂದೆ ಏನಾಗಬಲ್ಲಳು ಎಂಬುದು ತಂದೆಗೂ ಗೊತ್ತಿಲ್ಲ, ಸರ್ಕಾರಕ್ಕೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಗೊತ್ತಿಲ್ಲದ ಮೇಲೆ ಬಾಗಿಲು ಮುಚ್ಚುವ ಹಕ್ಕು ಯಾರಿಗೂ ಇಲ್ಲ. ಪ್ರತಿ ಮಗುವಿಗೂ ಒಳ್ಳೆಯ ಶಾಲೆ ಎಂದು ಹಟ ಹಿಡಿಯಲು ನನಗೆ ಕಾಣುವ ಮೊದಲ ಕಾರಣ ಇದು.

ಇನ್ನು, ಅವಳು ಹೊಲದಲ್ಲೇ ಉಳಿದಳು ಎನ್ನಿ. ಸೇಲಂ–ಧರ್ಮಪುರಿಯ ಮರಗೆಣಸು ಹೋಗುವುದು ಸಬ್ಬಕ್ಕಿ ಕಾರ್ಖಾನೆಗಳಿಗೆ. ಅಲ್ಲಿ ಗೆಡ್ಡೆಯ ತೂಕದ ಜೊತೆಗೆ ಅದರಲ್ಲಿರುವ ಹಿಟ್ಟಿನ ಅಂಶವನ್ನೂ ಅಳೆದು, ‘ಪಾಯಿಂಟ್’ ಲೆಕ್ಕದಲ್ಲಿ ದರ ಕಟ್ಟುತ್ತಾರೆ. ಶೇಕಡಾವಾರು ಎಂದರೇನೆಂದು ತಿಳಿಯದ ರೈತ ತನ್ನ ಬೆಳೆಯ ಬೆಲೆಯನ್ನು ಕೊಳ್ಳುವವನ ಬಾಯಿಂದಲೇ ಕೇಳಿ ನಂಬಬೇಕು. ಬೇಸಾಯಕ್ಕೆ ಓದು ಬೇಡ ಎನ್ನುವವರು ಬೆಳೆ ಮಾರುವುದಕ್ಕೆ ನಿಂತು ನೋಡಿದವರಲ್ಲ.

ಹಾಗಾದರೆ ಒಳ್ಳೆಯ ಓದು ಯಾವುದು? ಬಾಯಿಪಾಠವಂತೂ ಅಲ್ಲ. 1792ರಲ್ಲಿ ಟಿಪ್ಪುವಿನ ಕೈತಪ್ಪಿದ, ಧರ್ಮಪುರಿಯೂ ಸೇರಿದ್ದ ಬಾರಾಮಹಲ್ ಸೀಮೆಗೆ ಕಂದಾಯ ಗೊತ್ತುಮಾಡಲು ಬಂದ ಥಾಮಸ್ ಮನ್ರೋ ಧರ್ಮಪುರಿಯಲ್ಲಿ ವರ್ಷಗಟ್ಟಲೆ ಇದ್ದ. ಆಮೇಲೆ ಮದ್ರಾಸಿನ ಗವರ್ನರ್ ಆಗಿ, 1822ರಲ್ಲಿ, ಊರೂರಿನ ಶಾಲೆಗಳನ್ನು ಎಣಿಸಿ ಕಳಿಸಿ ಎಂದು ಕಲೆಕ್ಟರರಿಗೆ ಬರೆದ. ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ 1823ರಲ್ಲಿ ಕೊಟ್ಟ ಉತ್ತರವನ್ನು ಕನ್ನಡಿಗರು ಓದಬೇಕು. 533 ಶಾಲೆ, 6,641 ಮಕ್ಕಳು. ಅವರಲ್ಲಿ ಹೆಣ್ಣುಮಕ್ಕಳು 60. ಬಡತನ ಹೆಚ್ಚಿ, ಮೇಷ್ಟರಿಗೆ ಕೊಡಲು ಕಾಸಿಲ್ಲದೆ ಜನ ಮಕ್ಕಳನ್ನು ಬಿಡಿಸುತ್ತಿದ್ದಾರೆ ಎಂದು ಆತ ಬರೆದ. ಇದ್ದ ಮಕ್ಕಳೂ ಆಡುಮಾತಿಗೆ ದೂರವಾದ ಪದ್ಯಗಳನ್ನು ಅರ್ಥ ತಿಳಿಯದೆ ಬಾಯಿಪಾಠ ಮಾಡುತ್ತಿದ್ದಾರೆ ಎಂದೂ ಬರೆದ. ಇನ್ನೂರು ವರ್ಷವಾಯಿತು. ನಾಮಕ್ಕಲ್, ಸೇಲಂ, ಧರ್ಮಪುರಿ ಸುತ್ತಿನ ಎಷ್ಟೋ ಖಾಸಗಿ ವಸತಿ ಶಾಲೆಗಳು ಹನ್ನೊಂದನೆಯ ತರಗತಿಯ ಪಾಠವನ್ನು ಹಾರಿಸಿ, ಎರಡು ವರ್ಷವೂ ಹನ್ನೆರಡನೆಯದನ್ನೇ ಉರು ಹೊಡೆಸಿ ಅಂಕ ತೆಗೆಸಿದವು. ಸರ್ಕಾರ 2017ರಲ್ಲಿ ಹನ್ನೊಂದಕ್ಕೂ ಪಬ್ಲಿಕ್ ಪರೀಕ್ಷೆ ತಂದದ್ದಕ್ಕೆ ಇದೂ ಒಂದು ಕಾರಣ. ಅಂಕ ಬರಲಿ, ಅದರಿಂದ ಕಾಲೇಜಿನ ಬಾಗಿಲು ತೆರೆಯುತ್ತದೆ. ಆದರೆ ಅಂಕವೊಂದೇ ಶಿಕ್ಷಣದ ಅಳತೆಗೋಲಾಗದು ಎಂಬುದಕ್ಕೆ ಇದೇ ನೆಲದಲ್ಲಿ ಕಠೋರವಾದ ಸಾಕ್ಷಿಯಿದೆ.

ಸಿತ್ತೇರಿಯ ತಪ್ಪಲಿನ ವಾಚಾತ್ತಿ ಎಂಬ ಮಲೆಯಾಳಿ ಹಳ್ಳಿಗೆ 1992ರ ಜೂನ್ 20ರಂದು ಗಂಧದ ಮರ ಹುಡುಕುವ ನೆಪದಲ್ಲಿ ಅರಣ್ಯ, ಪೊಲೀಸ್, ಕಂದಾಯ ಇಲಾಖೆಯವರು ನುಗ್ಗಿದರು. ಮನೆಗಳನ್ನು ಧ್ವಂಸ ಮಾಡಿದರು, 18 ಮಂದಿ ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ನಡೆಸಿದರು. ಅವರಲ್ಲಿ ಶಾಲೆಗೆ ಹೋಗುವ ಹುಡುಗಿಯೂ ಇದ್ದಳು. 269 ಆರೋಪಿಗಳಲ್ಲಿ ಬದುಕಿದ್ದ 215 ಮಂದಿಯೂ ತಪ್ಪಿತಸ್ಥರೆಂದು ಧರ್ಮಪುರಿಯ ನ್ಯಾಯಾಲಯ 2011ರಲ್ಲಿ ಹೇಳಿತು. ಮದ್ರಾಸ್ ಹೈಕೋರ್ಟ್ 2023ರಲ್ಲಿ ಅದನ್ನು ಎತ್ತಿಹಿಡಿಯಿತು. ತಪ್ಪಿತಸ್ಥರೆಲ್ಲ ಸರ್ಕಾರಿ ನೌಕರರು, ಪರೀಕ್ಷೆ ಪಾಸು ಮಾಡಿ ಬಂದವರು. ಭಾರತೀಯ ಅರಣ್ಯ ಸೇವೆಯ ಅಧಿಕಾರಿಗಳೂ ಇದ್ದರು. ಅಷ್ಟು ವರ್ಷ ಕೋರ್ಟಿನಲ್ಲಿ ಹಿಂಜರಿಯದೆ ಸತ್ಯ ಹೇಳಿದ ಹೆಂಗಸರು ಹೆಚ್ಚು ಓದಿದವರಲ್ಲ. ಘನತೆ, ಧೈರ್ಯ, ನ್ಯಾಯಪ್ರಜ್ಞೆ ಓದಿನಿಂದಲೇ ಬರುತ್ತವೆ ಎಂದು ನಂಬಿದ್ದವರು ಈ ಪ್ರಕರಣದ ಎದುರು ನಿಂತು ಮತ್ತೊಮ್ಮೆ ಯೋಚಿಸಬೇಕು. ಬೆಟ್ಟದ ಮಗುವಿಗೆ ಘನತೆ ಕಲಿಸಲು ಶಾಲೆ ಬೇಕಿಲ್ಲ, ಅದು ಅವಳಲ್ಲಿದೆ. ಅವಳ ದೂರನ್ನು ಅವಳೇ ಬರೆಯುವುದಕ್ಕೆ, ಬರೆದದ್ದನ್ನು ಇನ್ನೊಬ್ಬ ತಿರುಚಿದರೆ ಅಲ್ಲೇ ಹಿಡಿಯುವುದಕ್ಕೆ, ನಾಳೆ ಅಧಿಕಾರಿಯ ಕುರ್ಚಿಯಲ್ಲಿ ತಾನೇ ಕೂರುವುದಕ್ಕೆ ಶಾಲೆ ಬೇಕು. ಆ ಕುರ್ಚಿಯಲ್ಲಿ ಕೂರಲಿರುವ ಪಟ್ಟಣದ ಮಗುವಿಗಂತೂ, ಎದುರಿಗೆ ನಿಂತವಳು ತನ್ನಂತೆಯೇ ಮನುಷ್ಯಳು ಎಂಬುದನ್ನು ಕಲಿಸದ ಶಾಲೆ ನೂರಕ್ಕೆ ನೂರು ಅಂಕ ಕೊಡಿಸಿದರೂ ಕೆಟ್ಟ ಶಾಲೆಯೇ.

ಆ ದಾಳಿಯಾಗಿ ಆರು ವಾರ ತುಂಬುವ ಮೊದಲೇ, 1992ರ ಜುಲೈ 30ರಂದು, ಕರ್ನಾಟಕದ ಕ್ಯಾಪಿಟೇಶನ್ ಶುಲ್ಕದ ವಿರುದ್ಧದ ಮೋಹಿನಿ ಜೈನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಶಿಕ್ಷಣದ ಹಕ್ಕು ಘನತೆಯಿಂದ ಬದುಕುವ ಹಕ್ಕಿನೊಳಗೇ ಇದೆ ಎಂದಿತು. 2002ರಲ್ಲಿ ಸಂವಿಧಾನಕ್ಕೆ 21ಎ ವಿಧಿ ಸೇರಿತು, 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾಯಿತು. ಹಾಗಾಗಿ ಶಾಲೆ ಕೇಳುವುದು ಈಗ ಭಿಕ್ಷೆಯಲ್ಲ, ಹಕ್ಕು.

ಸಿತ್ತೇರಿಯ ಮಗುವಿನ ಓದು ತಮಿಳುನಾಡಿನ ತಾಪತ್ರಯ, ನಮಗೇಕೆ ಎನ್ನುವ ಹಾಗಿಲ್ಲ. ಬೆಂಗಳೂರಿನ ಕಟ್ಟಡಗಳಲ್ಲಿ ಗಾರೆ ಕೆಲಸ, ಕಂಬಿ ಕೆಲಸ ಮಾಡುವವರಲ್ಲಿ ಧರ್ಮಪುರಿ ಜಿಲ್ಲೆಯವರು ಬಹಳ. ಅವರ ಮಕ್ಕಳು ವರ್ಷದ ನಡುವೆ ಬರುತ್ತಾರೆ, ಕೆಲಸ ಮುಗಿದರೆ ವರ್ಷದ ನಡುವೆಯೇ ಹೋಗುತ್ತಾರೆ. ಟಿ.ಸಿ. ತಡವಾಯಿತೆಂದು ಸೇರಿಸಿಕೊಳ್ಳದೆ ಇರುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಮಾತೃಭಾಷೆಯಲ್ಲಿ ಸಾಧ್ಯವಾದಷ್ಟೂ ಕಲಿಸಿ ಎಂದೂ ಹೇಳುತ್ತದೆ. ಸೇರಿಸಿಕೊಂಡ ಮೇಲೆ? ತಮಿಳು ಮಾತ್ರ ಬಲ್ಲ ಮಗುವನ್ನು ಕನ್ನಡದ ಮೂರನೆಯ ತರಗತಿಯ ಕೊನೆಯ ಬೆಂಚಿನಲ್ಲಿ ಕೂರಿಸಿ ಹಾಜರಾತಿ ಬರೆದುಕೊಂಡರೆ ಕಾನೂನು ಪಾಲಿಸಿದಂತಾದೀತು, ಮಗು ಕಲಿತಂತಾಗದು. ಹೊಸೂರಿನ ಕನ್ನಡ ಮಕ್ಕಳಿಗೆ ತಮ್ಮ ನುಡಿಯಲ್ಲಿ ಕಲಿಯುವ ಅವಕಾಶ ಇರಲೇಬೇಕು ಎಂದು ನಾವು ಕೇಳುತ್ತೇವೆ, ಕೇಳಬೇಕಾದದ್ದೇ. 350ಎ ವಿಧಿ ಇರುವುದೂ ಅದಕ್ಕೇ. ಅದೇ ಬಾಯಲ್ಲಿ ನಮ್ಮಲ್ಲಿಗೆ ಬಂದ ಮಗುವಿನ ಪರವಾಗಿಯೂ ಕೇಳಬೇಕು. ಹೊಸೂರು, ತಳಿ ಕಡೆ ಎರಡೂ ಭಾಷೆ ಬಲ್ಲ, ಓದಿದ ಯುವಜನರಿದ್ದಾರೆ. ಕಟ್ಟಡ ಕೂಲಿಯವರು ಹೆಚ್ಚಾಗಿರುವ ಬಡಾವಣೆಗಳ ಸರ್ಕಾರಿ ಶಾಲೆಗಳಿಗೆ ಅಂಥವರನ್ನು ಒಬ್ಬೊಬ್ಬರಂತೆ ನೇಮಿಸಿ, ಬಂದ ಮಗುವಿಗೆ ಮೊದಲ ಆರು ತಿಂಗಳು ಅದರ ಮಾತಿನಲ್ಲೇ ಲೆಕ್ಕ ಹೇಳಿಸಿ, ಜೊತೆಜೊತೆಗೆ ಕನ್ನಡ ಕಲಿಸುವುದು ಕರ್ನಾಟಕ ಸರ್ಕಾರದ ಕೈಗೆ ಎಟುಕದ ಕೆಲಸವಲ್ಲ. ಬರುವ ಜೂನಿನಲ್ಲಿ ಶಾಲೆ ತೆರೆಯುವ ಹೊತ್ತಿಗೇ ಅದನ್ನು ಶುರುಮಾಡಬಹುದು.