ಒಂದೇ ಅಣು, ಹಲವು ಜೀವ

ಜೇನಿಗೆ ಹೆಸರಾದ ಕಕ್ಕಬೆ ಊರಿನ ಜೇನುನೊಣಕ್ಕೂ ಕಡಲ ತಳದ ಚಿಪ್ಪುಜೀವಿಗೂ ನಮಗೂ ನರಗಳ ಸಂದೇಶ ಒಯ್ಯುವ ಸೆರೊಟೋನಿನ್ ಎಂಬ ಅಣು ಸಮಾನ. ಹಾಗಾದರೆ ನೋವು ಅನುಭವಿಸುವ ಜೀವ ಯಾವುದು? ಅಣುವೊಂದೇ ಇದಕ್ಕೆ ಉತ್ತರ ಹೇಳಲಾರದು. ಮಸೆಲ್ ಎಂಬ ಚಿಪ್ಪುಜೀವಿಯಲ್ಲಿ ಅದು ಚಿಪ್ಪನ್ನು ಬಿಗಿಹಿಡಿದ ಸ್ನಾಯುವನ್ನು ಸಡಿಲಿಸುತ್ತದೆ. ಕೆಲಸ ಮುಗಿದ ಅಣುವನ್ನು ತೆಗೆದುಹಾಕುವ ಬಗೆಯಂತೂ ಇನ್ನೂ ಭಿನ್ನ. ನಮ್ಮ ಮಿದುಳು ಮಾನೊಅಮೈನ್ ಆಕ್ಸಿಡೇಸ್ ಕಿಣ್ವದಿಂದ ಅದನ್ನು ಒಡೆಯುತ್ತದೆ. ಕಡಲಮೊಲ ಅಪ್ಲೀಸಿಯಾ ಅದಕ್ಕೆ ಗ್ಲುಟಾಮಿಲ್ ತುಣುಕು ಅಂಟಿಸುತ್ತದೆ. ಕೀಟಗಳು ಹೆಚ್ಚಾಗಿ ಅಸಿಟೈಲ್ ಸೇರಿಸುತ್ತವೆ. ವಿಕಾಸ ಸಂದೇಶವಾಹಕನನ್ನು ಉಳಿಸಿಕೊಂಡು, ಅವನನ್ನು ಸುಮ್ಮನಾಗಿಸುವ ಉಪಾಯವನ್ನು ಮಾತ್ರ ಕುಲಕುಲಕ್ಕೂ ಬದಲಿಸಿದೆ. ಹಳೆಯ ಸಂದೇಶ ನಿಲ್ಲದೆ ಹೊಸದು ಕೇಳಿಸದು. ಹಳೆಯದು ನಿಲ್ಲಬೇಕೆಂಬ ಅಗತ್ಯ ಮಾತ್ರ ಎಲ್ಲರಿಗೂ ಒಂದೇ.

ರಸಾಯನ ಬೇರೆಯಾದರೆ ಅನುಭವವೂ ಇಲ್ಲ ಎನ್ನಬಹುದೇ? ಆ ವಾದ ನಿಲ್ಲುವುದಿಲ್ಲ. 2011ರ ಪ್ರಯೋಗವೊಂದರಲ್ಲಿ, ಜೋರಾಗಿ ಅಲುಗಾಡಿಸಿದ ಜೇನುನೊಣಗಳ ದೇಹದ್ರವದಲ್ಲಿ ಸೆರೊಟೋನಿನ್ ಕುಗ್ಗಿತು. ಸಿಹಿಯೋ ಕಹಿಯೋ ತಿಳಿಯದ ವಾಸನೆ ಬಂದಾಗ ಅವು ಕಹಿಯೆಂದೇ ಎಣಿಸಿ ಹಿಂಜರಿದವು. ಇದು ದುಃಖಕ್ಕೆ ಸಾಕ್ಷಿಯಲ್ಲ, ನಿಜ. ಆದರೆ ದುಃಖವೇ ಇಲ್ಲವೆನ್ನುವವರ ನಿಶ್ಚಿಂತೆಯನ್ನು ಕದಡುತ್ತದೆ. ಜೈನ ದರ್ಶನ ಶಂಖವನ್ನು ಎರಡಿಂದ್ರಿಯದ, ಜೇನುನೊಣವನ್ನು ನಾಲ್ಕಿಂದ್ರಿಯದ ಜೀವವೆಂದು ಎಣಿಸಿ, ಜೇನುತುಪ್ಪವನ್ನೇ ವರ್ಜಿಸಿತು. ಅಷ್ಟು ದೂರ ಹೋಗದವರೂ ಮರಿಹುಳುಗಳ ಸಮೇತ ಎರಿ ಹಿಂಡುವುದನ್ನು ಬಿಟ್ಟು, ಪೆಟ್ಟಿಗೆಯ ಚೌಕಟ್ಟುಗಳನ್ನು ಯಂತ್ರದಲ್ಲಿ ತಿರುಗಿಸಿ ತುಪ್ಪ ತೆಗೆಯಬಹುದು.